ಮನೆ ಬಾಗಿಲಲ್ಲಿ ನರ್ಸಿಂಗ್ ಪಾಠ

ಅಲ್ ಗರಾಫಾದ ನಮ್ಮ ಫ್ಲ್ಯಾಟಲ್ಲಿ ನಾನು ಇಂಜಿನಿಯರು, ಅಕ್ಕ ನರ್ಸು. ಒಂದಿನ ರಾತ್ರಿ ಪಾಳಿ ಮುಗಿಸಿ ಬಂದವಳ ಹತ್ತಿರ, "ನರ್ಸಿಂಗ್ ಅಂದ್ರೆ ಆಸ್ಪತ್ರೆ ಕೆಲಸ ತಾನೇ?" ಅಂದುಬಿಟ್ಟೆ. ಚಾ ಆರುವವರೆಗೂ ಕ್ಲಾಸು ನಡೀತು. ಇದು ಅದರ ನೋಟ್ಸು.

ನಮ್ಮಲ್ಲಿ ಬಿಎಸ್ಸಿ ನರ್ಸಿಂಗ್ ಓದುವವರಿಗೆ ಸಮುದಾಯ ಆರೋಗ್ಯ ಕಡ್ಡಾಯ ವಿಷಯ. ಹಳ್ಳಿಗೋ ಕೊಳಗೇರಿಗೋ ಹಾಕಿ, ಮನೆ ಮನೆಗೆ ಕಳಿಸ್ತಾರೆ. ಹೆಗಲಲ್ಲಿ ಒಂದು ಬ್ಯಾಗು. ಅದನ್ನು ಯಾರ ಮನೆಯಲ್ಲೂ ಹಾಗೇ ನೆಲಕ್ಕೆ ಇಡುವಂತಿಲ್ಲ. ಪೇಪರ್ ಹಾಸಿ ಅದರ ಮೇಲಿಡಬೇಕು. ಮೊದಲು ಸೋಪು, ಟವೆಲ್ಲು ತೆಗೆದು ಕೈ ತೊಳೆದುಕೊಂಡೇ ಉಳಿದ ಸಾಮಾನು ಮುಟ್ಟಬೇಕು. ಬಳಸಿದ್ದನ್ನು ಶುಚಿ ಮಾಡಿ ಒಳಗಿಡಬೇಕು. ಒಂದು ಮನೆಯ ಸೋಂಕು ಇನ್ನೊಂದು ಮನೆಗೆ ಹೋಗಬಾರದು, ಅಷ್ಟೇ. ನನ್ನಂಥ ಇಂಜಿನಿಯರಿಗೆ ಇದು ಸುಲಭವಾಗಿ ತಲೆಗೆ ಹೋಗುವ ಭಾಗ.

ಕಷ್ಟದ್ದು ಮುಂದಿದೆ. ನಮ್ಮ ಅಜ್ಜಿಮನೆ ಇರುವುದು ಕಾಸರಗೋಡಿನ ಎಣ್ಮಕಜೆ ಕಡೆ. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಊರಿನ ಡಾಕ್ಟರ್ ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ದನಿ ಎತ್ತಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು, 2017ರಲ್ಲಿ ತಲಾ 5 ಲಕ್ಷ ಪರಿಹಾರ ಕೊಡಿ ಅಂದದ್ದು ನಿಮಗೂ ಗೊತ್ತಿರಬಹುದು. ಆದರೆ ಮಲಗಿದಲ್ಲೇ ಇರುವ ಮಗುವನ್ನು ದಿನಾ ಎತ್ತಿ ಇಳಿಸುವುದು ಯಾವ ತೀರ್ಪಿಗೂ ನಿಲ್ಲುವುದಿಲ್ಲವಲ್ಲ.

ಓದುತ್ತಿದ್ದಾಗ ಅಕ್ಕ ಒಮ್ಮೆ ರಜೆಯಲ್ಲಿ, ಪಾಲಿಯೇಟಿವ್ ನರ್ಸೊಬ್ಬರ ಜೊತೆ ಅಂಥದೊಂದು ಮನೆಗೆ ಹೋಗಿದ್ದಳು. ನರ್ಸಿಗೆ ಮಲಯಾಳ, ತಾಯಿಗೆ ಕನ್ನಡ, ನಡುವೆ ಇವಳು. ಬೆನ್ನುಹುಣ್ಣು ಆಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಪಾಠ ಒಪ್ಪಿಸಿದಳು. ಆ ತಾಯಿ, "ನಾನು ಬೀಡಿ ಕಟ್ಟದಿದ್ರೆ ಗಂಜಿ ಎಲ್ಲಿಂದ ಮಗಳೇ?" ಅಂದರು. ಇವಳ ಹತ್ತಿರ ಉತ್ತರ ಇರಲಿಲ್ಲ. ಹಿರಿಯ ನರ್ಸು ಮಾತ್ರ ಎದ್ದು, ಮಗುವಿನ ಹಾಸಿಗೆಯನ್ನು ಒಳಕೋಣೆಯಿಂದ ಜಗಲಿಗೆ, ತಾಯಿ ಬೀಡಿ ಕಟ್ಟುವ ಜಾಗದ ಪಕ್ಕಕ್ಕೆ ತರಿಸಿದರು. ಆಮೇಲೆ ತಾಯಿಯ ಸೊಂಟನೋವು ವಿಚಾರಿಸಿದರು. "ನಾನು ರೋಗಿ ನೋಡಿದೆ, ಅವರು ಮನೆ ನೋಡಿದರು" ಅಂತ ಅಕ್ಕ ಈಗಲೂ ಹೇಳ್ತಾಳೆ. ಇದನ್ನು ಪರೀಕ್ಷೆಗೆ ಹೇಗೆ ಕಲಿಸ್ತಾರೋ ನನಗಂತೂ ಗೊತ್ತಾಗಲಿಲ್ಲ. ಮನೆಗೆ ಕಳಿಸದೆ ಕಲಿಸೋಕಾಗಲ್ಲ ಅನ್ನೋದು ಅವಳ ವಾದ.

ಕತಾರಿಗೂ ಇದು ಹೊಂದುತ್ತದೆ. ಇಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೇ ನಿಯಮವೇ. ಆದರೆ ಹೋದ ಬೇಸಿಗೆಯಲ್ಲಿ ತಲೆಸುತ್ತು ಅಂತ ಬಂದ ನಮ್ಮ ಕಡೆಯ ಕಾರ್ಮಿಕರೊಬ್ಬರು ಹಿಂದಿಯಲ್ಲಿ ಕೇಳಿದ್ದಕ್ಕೆಲ್ಲ "ಠೀಕ್ ಹೈ" ಅಂತಲೇ ಇದ್ದರಂತೆ. ಅಕ್ಕ ಕನ್ನಡದಲ್ಲಿ, "ನೀರು ಸರಿಯಾಗಿ ಕುಡೀತೀರಾ ಅಣ್ಣ?" ಅಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಾಯ್ಲೆಟ್ ದೂರ ಉಂಟು, ಅದಕ್ಕೇ ಕಡಿಮೆ ಕುಡಿಯೋದು" ಅಂದರು.