ಈರುಳ್ಳಿಯ ಕಪ್ಪು, ಬ್ರೆಡ್ಡಿನ ಕಪ್ಪು

2021ರ ಮೇ ತಿಂಗಳಲ್ಲಿ ವಾಟ್ಸಾಪ್‌ನಲ್ಲೊಂದು ಸುದ್ದಿ ಹರಿದಾಡಿತು. ಈರುಳ್ಳಿ ಸಿಪ್ಪೆಯ ಕಪ್ಪು ಪುಡಿ, ಫ್ರಿಜ್ ಬಾಗಿಲಿನ ರಬ್ಬರಿಗೆ ಅಂಟಿದ ಕಪ್ಪು, ಇವೇ ‘ಬ್ಲ್ಯಾಕ್ ಫಂಗಸ್’ ತರುತ್ತವೆ ಎಂದು. ಕೋವಿಡ್ ಎರಡನೇ ಅಲೆಯ ದಿನಗಳು. ಜನ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸುದ್ದಿ ಸುಳ್ಳು. ಕಪ್ಪೆಲ್ಲ ಒಂದೇ ಅಲ್ಲ. ಮಳೆಗಾಲದಲ್ಲಿ ಬೆಂಗಳೂರಿನ ಗಿರಿನಗರದ ಒಂದೇ ಮನೆಯಲ್ಲಿ ಮೂರು ಬಗೆಯ ಕಪ್ಪು ಬೂಷ್ಟು ಸಿಗಬಹುದು, ಮೂರೂ ಬೇರೆ ಬೇರೆ ಜೀವಿಗಳು.

ಬೂಷ್ಟು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಕೆಲಸ ಬಹುಪಾಲು ಮುಗಿದಿರುತ್ತದೆ. ಅದರ ನಿಜವಾದ ಮೈ ಎಂದರೆ ಬಣ್ಣವಿಲ್ಲದ ಸೂಕ್ಷ್ಮ ಎಳೆಗಳು. ಅವು ಆಹಾರದೊಳಗೆ ಹಬ್ಬಿ, ಕಿಣ್ವಗಳನ್ನು ಹೊರಗೆ ಸುರಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತವೆ. ನಾವು ಕಾಣುವ ಬಣ್ಣ ಹೆಚ್ಚಾಗಿ ಬಲಿತ ಬೀಜಕಗಳದ್ದು. ಹಾಗಾಗಿ ಬಣ್ಣವೊಂದನ್ನೇ ನಂಬಿದರೆ ಗುರುತು ತಪ್ಪುತ್ತದೆ. ಬೀಜಕಗಳು ಹೇಗೆ ಕೂತಿವೆ ಎಂಬುದನ್ನೂ ನೋಡಬೇಕು.

ಅಲ್ಲಿನ ಸೀತಾ ಸರ್ಕಲ್ ಬಳಿಯ ಅಂಗಡಿಯಿಂದ ತಂದ ಬ್ರೆಡ್ಡನ್ನು ಕವರ್‌ನಲ್ಲೇ ಮರೆತರೆ ಸಾಮಾನ್ಯವಾಗಿ ಬರುವುದು ರೈಜೋಪಸ್. ಮೊದಲು ಬಿಳಿ ಹತ್ತಿ, ಆಮೇಲೆ ಅದರ ತುಂಬ ಗುಂಡುಸೂಜಿ ತಲೆಯಂಥ ಕಪ್ಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಬೀಜಕ ತುಂಬಿದ ಚೀಲ. ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಇದರ ಎಳೆಗಳಲ್ಲಿ ಅಡ್ಡಗೋಡೆಗಳು ಇಲ್ಲವೇ ಇಲ್ಲ ಎನ್ನಬಹುದು.

ಈರುಳ್ಳಿಯದು ಆಸ್ಪರ್ಜಿಲಸ್ ನೈಗರ್. ಇದು ಹತ್ತಿಯಂತೆ ಎದ್ದು ನಿಲ್ಲುವುದಿಲ್ಲ. ಒಣಸಿಪ್ಪೆಯ ಕೆಳಗೆ, ಗೆರೆಗುಂಟ ಮಸಿಪುಡಿಯಾಗಿ ಕೂರುತ್ತದೆ. ಎಳೆಗಳಿಗೆ ಅಡ್ಡಗೋಡೆಗಳಿವೆ, ಬೀಜಕಗಳಿಗೆ ಚೀಲವಿಲ್ಲ. ದುಂಡು ತಲೆಯ ಸುತ್ತ ಸರಗಳಾಗಿ ಹೊರಗೇ ಇರುತ್ತವೆ. ಇದನ್ನು ಬೈಯುವ ಮುನ್ನ ಒಂದು ಮಾತು: ಜಾಮ್, ತಂಪು ಪಾನೀಯಗಳಿಗೆ ಹಾಕುವ ಸಿಟ್ರಿಕ್ ಆಮ್ಲವನ್ನು ಕಾರ್ಖಾನೆಗಳು ಇದರಿಂದಲೇ ತೆಗೆಯುತ್ತವೆ. ದಾರಿ ತೋರಿಸಿದ್ದು 1917ರಲ್ಲಿ ಜೇಮ್ಸ್ ಕರಿ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ. ಈರುಳ್ಳಿಯ ಮೇಲ್ಪದರ ತೆಗೆದು ತೊಳೆದರೆ ಗಟ್ಟಿಯಾಗಿ ಉಳಿದ ಭಾಗ ಸಾರಿಗೆ ಆದೀತು. ಅಲರ್ಜಿ ಇರುವವರು ಮುಟ್ಟದಿರುವುದು ಮೇಲು.

ಬಚ್ಚಲುಮನೆ ಗೋಡೆಯ, ಬೀರುವಿನ ಹಿಂಬದಿಯ ಹಸಿರುಗಪ್ಪು ಮಖಮಲ್ಲು ಹೆಚ್ಚಾಗಿ ಕ್ಲ್ಯಾಡೋಸ್ಪೋರಿಯಂ. ಒರೆಸಿದರೆ ಹೋಗುತ್ತದೆ, ತೇವ ಹೋಗದಿದ್ದರೆ ಮತ್ತೆ ಬರುತ್ತದೆ.

ಹಾಗಾದರೆ ಆ ‘ಬ್ಲ್ಯಾಕ್ ಫಂಗಸ್’? ಅದು ಮ್ಯೂಕರ್‌ಮೈಕೋಸಿಸ್ ಎಂಬ ಸೋಂಕು. ಅದನ್ನು ತರುವವರಲ್ಲಿ ಮುಖ್ಯ ಬ್ರೆಡ್ ಬೂಷ್ಟಿನ ದಾಯಾದಿಗಳು, ಅಂದರೆ ರೈಜೋಪಸ್ ಕುಲದವು. ಅವುಗಳ ಎಳೆ ರಕ್ತನಾಳಕ್ಕೆ ನುಗ್ಗಿ ರಕ್ತ ನಿಲ್ಲಿಸುತ್ತದೆ; ಕಪ್ಪಾಗುವುದು ಸತ್ತ ಅಂಗಾಂಶ. ಇಂಥ ಬೀಜಕಗಳು ಮಣ್ಣಿನಲ್ಲಿ, ಗಾಳಿಯಲ್ಲಿ ಎಂದೂ ಇದ್ದವು. ಎರಡನೇ ಅಲೆಯಲ್ಲಿ ಅವಕ್ಕೆ ಎಡೆ ಮಾಡಿಕೊಟ್ಟದ್ದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್.

ನನ್ನ ಲೆಕ್ಕದಲ್ಲಿ ಅಡುಗೆಮನೆಯಲ್ಲಿ ಹೆಚ್ಚು ಹೆದರಬೇಕಾದ ಬಣ್ಣ ಕಪ್ಪಲ್ಲ, ಹಳದಿ ಮಿಶ್ರಿತ ಹಸಿರು. ಕಡಲೆಕಾಯಿ, ಮೆಕ್ಕೆಜೋಳ, ಒಣಮೆಣಸಿನಕಾಯಿಗೆ ಬರುವ ಆಸ್ಪರ್ಜಿಲಸ್ ಫ್ಲೇವಸ್ ಅಫ್ಲಟಾಕ್ಸಿನ್ ಎಂಬ ವಿಷ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಈ ವಿಷ ಸೇರಿದ್ದ ಕಡಲೆಕಾಯಿ ಹಿಂಡಿ ತಿಂದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ನೂರಕ್ಕೂ ಹೆಚ್ಚು ಜನರ ಜೀವ ತೆಗೆಯಿತು. ಹುರಿದರೂ, ಕುದಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಕಾಳು ಸುಕ್ಕಾಗಿ, ಬಣ್ಣಗೆಟ್ಟು, ಕಹಿಯಾಗಿದ್ದರೆ ಚಟ್ನಿಗೆ ಹಾಕದೆ ಎಸೆಯಿರಿ.