ಸೊರಗಿದ ತೋಳಿನ ಗೆಲುವು

ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಗಳಿಗೆ ನಾವು ಭೇಟಿಯಿತ್ತಾಗ, ಕಾಯಿಲೆಯಿಂದ ಎದ್ದ ಮಗುವನ್ನು ಆಟದ ಬಯಲಿಗೆ ಬಿಡಲು ಅಳುಕುವ ತಂದೆತಾಯಿಯರನ್ನು ಕಂಡಿದ್ದೇವೆ. ಆ ಭಯ ಪ್ರೀತಿಯಿಂದಲೇ ಹುಟ್ಟಿದುದು. ಆದರೆ ಪ್ರೀತಿಯೇ ಬೇಲಿಯಾದರೆ? ಇಲ್ಲಿ ಮೈಸೂರಿನ ಒಬ್ಬ ಬಾಲಕನನ್ನು ನೆನೆಯೋಣ.

1945ರಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರ್ ಅವರಿಗೆ ಬಾಲ್ಯದಲ್ಲೇ ಪೋಲಿಯೊ ತಗುಲಿ ಬಲಗೈ ಸೊರಗಿತು. ಅದೇ ಕೈಯಿಂದ ಲೆಗ್‌ಸ್ಪಿನ್ ಬೌಲ್ ಮಾಡಿ ಅವರು 1964ರಲ್ಲಿ ಟೆಸ್ಟ್ ತಂಡ ಸೇರಿದರು. ಫೀಲ್ಡಿಂಗ್ ವೇಳೆ ಚೆಂಡೆಸೆಯಲು ಎಡಗೈಯನ್ನು ಬಳಸಿದರು. 1967-68ರ ಆಸ್ಟ್ರೇಲಿಯ ಪ್ರವಾಸದ ಬಳಿಕ ಮೂರು ವರ್ಷಕ್ಕೂ ಮಿಕ್ಕಿ ತಂಡದಿಂದ ಹೊರಗುಳಿದರು. 1971ರಲ್ಲಿ ಮರಳಿ ಬಂದು ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಆ ನೆಲದಲ್ಲಿ ಭಾರತ ತನ್ನ ಮೊದಲ ಸರಣಿಯನ್ನು ಗೆದ್ದಿತು. 58 ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್‌ಗಳು 242.

ರೋಗವೇ ವರವಾಯಿತೆಂದು ನಾವು ಹೇಳೆವು. ಕೆಡುಕು ಕೆಡುಕೇ; ಅದನ್ನು ತಡೆಯಬೇಕು. ಲಸಿಕೆಯ ಹನಿಗಳು ಮನೆಮನೆಗೆ ತಲುಪಿದ್ದರಿಂದಲೇ 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಎಲ್ಲ ಮಕ್ಕಳೂ ಚಂದ್ರಶೇಖರ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ದೇಹದಲ್ಲಿ ಇಲ್ಲದುದನ್ನಷ್ಟೇ ಎಣಿಸುವವರು ಉಳಿದಿರುವುದನ್ನು ಕಾಣಲಾರರು. ಪ್ರಿಯ ತಂದೆತಾಯಿಯರೇ, ವೈದ್ಯರು ಸಮ್ಮತಿಸಿದ ಮೇಲೆ ಮಗುವಿನ ಕೈಗೆ ಚೆಂಡನ್ನು ಕೊಡಿ. ಗೆಲ್ಲಲೆಂದಲ್ಲ, ಓರಗೆಯವರ ನಡುವೆ ಮತ್ತೆ ನಿಲ್ಲಲೆಂದು.