ಪಥ್ಯವು ಉಪವಾಸವಾಗಬಾರದು

ಮೂತ್ರಪಿಂಡಗಳ ದೀರ್ಘಕಾಲದ ರೋಗದಲ್ಲಿ ಪಥ್ಯವು ಚಿಕಿತ್ಸೆಯ ಒಂದು ಅಂಗವೇ ಸರಿ. ಆದರೆ ಅದೇ ಪಥ್ಯವು ಅರಿವಿಲ್ಲದೆ ಉಪವಾಸವಾಗಿ ಪರಿಣಮಿಸಿ ರೋಗಿಯನ್ನು ಕೃಶಗೊಳಿಸುವುದುಂಟು. ಇದು ಹೇಗೆಂಬುದನ್ನು ನೋಡೋಣ.

ನಾವು ಉಣ್ಣುವ ಬೇಳೆ, ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಪ್ರೋಟೀನು ದೇಹವನ್ನು ಕಟ್ಟುವ ವಸ್ತು. ಅದು ವಿಘಟನೆ ಹೊಂದಿದಾಗ ಯೂರಿಯ ಮೊದಲಾದ ಕಶ್ಮಲಗಳು ಹುಟ್ಟುತ್ತವೆ. ಇವನ್ನು ಹೊರಹಾಕಬೇಕಾದ ಮೂತ್ರಪಿಂಡಗಳು ಸೋತಾಗ ಕಶ್ಮಲಗಳು ರಕ್ತದಲ್ಲಿಯೇ ಉಳಿಯುತ್ತವೆ. ಆಗ ಹಸಿವು ಅಡಗುತ್ತದೆ, ಓಕರಿಕೆ ಬರುತ್ತದೆ, ಬಾಯಿರುಚಿ ಕೆಡುತ್ತದೆ. ಅದಲ್ಲದೆ ರಕ್ತದಲ್ಲಿ ಹೆಚ್ಚಿದ ಆಮ್ಲತೆಯೂ ದೇಹದೊಳಗಿನ ಉರಿಯೂತವೂ ಸೇರಿ ಸ್ನಾಯುಗಳನ್ನು ಕರಗಿಸುತ್ತವೆ. 2008ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಮಂಡಲಿಯೊಂದು ಈ ಸ್ಥಿತಿಯನ್ನು ‘ಪ್ರೋಟೀನು-ಶಕ್ತಿ ಕ್ಷಯ’ ಎಂಬರ್ಥದ ಹೆಸರಿನಿಂದ ಕರೆಯಿತು.

ಈ ಕ್ಷಯವನ್ನು ತೂಕದಿಂದ ಗುರುತಿಸುವುದು ಸುಲಭವಲ್ಲ. ಮಾಂಸಖಂಡವು ಕರಗುತ್ತಿದ್ದರೂ ದೇಹದಲ್ಲಿ ನೀರು ನಿಂತು ಬಾವು ಬಂದಿರುವುದರಿಂದ ತಕ್ಕಡಿಯು ಮೊದಲಿನ ತೂಕವನ್ನೇ ತೋರಿಸಬಹುದು. ತೋಳು ತೊಡೆಗಳು ಸೊರಗುವುದು, ಕೈಹಿಡಿತ ಸಡಿಲವಾಗುವುದು ಇದರ ಸೂಚನೆಗಳು.

ಹಾಗಾದರೆ ಎಷ್ಟು ಉಣ್ಣಬೇಕು? ಅಮೆರಿಕದ ರಾಷ್ಟ್ರೀಯ ಮೂತ್ರಪಿಂಡ ಪ್ರತಿಷ್ಠಾನದ 2020ರ ಮಾರ್ಗಸೂಚಿಯನ್ನು ನೋಡಿದರೆ ಉತ್ತರವು ಸ್ಪಷ್ಟವಾಗುತ್ತದೆ. ರೋಗವು ಮುಂದುವರಿದಿದ್ದು, ಡಯಾಲಿಸಿಸ್ ಇನ್ನೂ ಆರಂಭವಾಗದ, ಮಧುಮೇಹವಿಲ್ಲದ, ಸ್ಥಿರಸ್ಥಿತಿಯ ವಯಸ್ಕರಿಗೆ ವೈದ್ಯರ ನಿಗಾದಲ್ಲಿ ದಿನಕ್ಕೆ ಕಿಲೊ ತೂಕಕ್ಕೆ 0.55ರಿಂದ 0.60 ಗ್ರಾಂ ಪ್ರೋಟೀನು ಸಾಕು. ಡಯಾಲಿಸಿಸ್ ಆರಂಭವಾದ ಮೇಲೆ ಬೇಕಾದುದು 1.0ರಿಂದ 1.2 ಗ್ರಾಂ. ಎಂದರೆ 60 ಕಿಲೊ ತೂಕದವರಿಗೆ 33ರಿಂದ 36 ಗ್ರಾಂ ಇದ್ದ ಅಳತೆಯು 60ರಿಂದ 72 ಗ್ರಾಮಿಗೆ ಏರುತ್ತದೆ! ಡಯಾಲಿಸಿಸ್ ಕಶ್ಮಲವನ್ನು ಕಳೆಯುವುದರ ಜೊತೆಗೆ ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳನ್ನೂ ಪ್ರತಿ ಸಲವೂ ಹಲವು ಗ್ರಾಂಗಳಷ್ಟು ಒಯ್ಯುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಇದನ್ನರಿಯದೆ ಹಳೆಯ ಪಥ್ಯವನ್ನೇ ನಿಷ್ಠೆಯಿಂದ ಮುಂದುವರಿಸುವವರು ಕ್ಷಯಕ್ಕೆ ತಾವೇ ದಾರಿಮಾಡಿಕೊಟ್ಟಂತಾಗುತ್ತದೆ.

ಪ್ರೋಟೀನನ್ನು ಮಿತಗೊಳಿಸಿದಾಗಲೂ ಅನ್ನ, ಎಣ್ಣೆ ಮೊದಲಾದವುಗಳಿಂದ ಬರುವ ಶಕ್ತಿಗೆ ಕೊರತೆಯಾಗಬಾರದು. ದಿನಕ್ಕೆ ಕಿಲೊ ತೂಕಕ್ಕೆ 25ರಿಂದ 35 ಕ್ಯಾಲೊರಿ ದೊರೆಯಬೇಕು. ದೊರೆಯದಿದ್ದರೆ ದೇಹವು ತನ್ನ ಸ್ನಾಯುಗಳನ್ನೇ ಉರುವಲಾಗಿ ಬಳಸುತ್ತದೆ; ಅದರಿಂದಲೂ ಯೂರಿಯವೇ ಹುಟ್ಟುತ್ತದೆ. ಆಗ ಪಥ್ಯದ ಉದ್ದೇಶವೇ ವಿಫಲವಾದಂತೆ.

ಆದುದರಿಂದ ಚಿಕಿತ್ಸೆಯು ಬದಲಾದಾಗಲೆಲ್ಲ, “ನಮ್ಮ ಪಥ್ಯವೂ ಬದಲಾಗಬೇಕೇ?” ಎಂದು ವೈದ್ಯರನ್ನೂ ಆಹಾರತಜ್ಞರನ್ನೂ ಕೇಳಲು ನಾವು ಮರೆಯಬಾರದು. ಏನನ್ನು ಬಿಡಬೇಕೆಂಬುದರಷ್ಟೇ ಏನನ್ನು ಉಣ್ಣಬೇಕೆಂಬುದೂ ಪಥ್ಯವೇ.